ಹೂವುಂಡು ಹೊರಡುವ ಗುಲಾಬಿ ದಂಡು

ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ, ಬಿಸಿಲೇರುವ ಮೊದಲೇ ಧಾರವಾಡದಿಂದ ಕಲಘಟಗಿಯ ಹಾದಿ ಹಿಡಿಯಬೇಕು. ಊರು ಹಿಂದಾದಂತೆ ಹೊಲದ ಬದುಗಳಲ್ಲಿ ಮುತ್ತಲದ ಮರಗಳು ಎದುರಾಗುತ್ತವೆ. ಎಲೆಯ ಹೆಸರಿಲ್ಲ, ಟೊಂಗೆ ಟೊಂಗೆಗೂ ಕೆಂಡದ ಬಣ್ಣದ ಹೂ. ಹತ್ತಿರ ಹೋಗುವ ಮೊದಲೇ ಗದ್ದಲ ಕೇಳುತ್ತದೆ. ಹುಬ್ಬಳ್ಳಿಯ ದುರ್ಗದ ಬೈಲಿನ ಸಂಜೆಯ ಸಂತೆಯೇ ಮರ ಹತ್ತಿದಂಥ ಗದ್ದಲ! ತಲೆ, ರೆಕ್ಕೆ, ಬಾಲ ಕಪ್ಪು. ಬೆನ್ನು, ಹೊಟ್ಟೆ ತಿಳಿಗುಲಾಬಿ. ಗೊರವಂಕದ ಬಳಗದ ಗುಲಾಬಿ ಕಬ್ಬಕ್ಕಿಗಳಿವು. ಒಂದು ಹೂವಿಗೆ ಕೊಕ್ಕು ಇಟ್ಟಿತೋ ಇಲ್ಲವೋ, ಪಕ್ಕದ್ದು ತಳ್ಳುತ್ತದೆ; ಅದನ್ನು ಮತ್ತೊಂದು ಓಡಿಸುತ್ತದೆ. ಜಗಳದಲ್ಲೂ ಊಟ ನಿಲ್ಲುವುದಿಲ್ಲ.

ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮನೆಗಳಿಂದ ಸೆಪ್ಟೆಂಬರ್ ಹೊತ್ತಿಗೆ ವಿಡಿಯೋಗಳು ಬರುತ್ತವೆ. ಹಿತ್ತಲಲ್ಲಿ ತೂಗುಬಿಟ್ಟ ಸಕ್ಕರೆ ನೀರಿಗೆ ಹಮ್ಮಿಂಗ್‌ಬರ್ಡ್‌ಗಳು ಮುಗಿಬಿದ್ದಿರುತ್ತವೆ. ಕೆಂಪು ಕೊರಳಿನ ಆ ಹಕ್ಕಿಯ ತೂಕ ಹೆಚ್ಚುಕಡಿಮೆ 3 ಗ್ರಾಂ. ವಲಸೆಗೆ ಮುಂಚೆ ಉಂಡುಂಡು ಅದು ಸುಮಾರು ಎರಡರಷ್ಟಾಗುತ್ತದೆ. ಆ ಕೊಬ್ಬನ್ನು ಉರಿಸಿಕೊಂಡು ಮೆಕ್ಸಿಕೋ ಕೊಲ್ಲಿಯ ಸುಮಾರು 800 ಕಿಲೋಮೀಟರ್ ನೀರನ್ನು ಒಂದೇ ಹಾರಿಕೆಯಲ್ಲಿ ದಾಟಬಲ್ಲದು. ನಮ್ಮಲ್ಲಿ ಆ ಹಕ್ಕಿ ಇಲ್ಲ. ಆದರೆ ಅದರ ಎರಡು ಗುಣಗಳು ಧಾರವಾಡದಲ್ಲಿ ಎರಡು ಹಕ್ಕಿಗಳಿಗೆ ಪಾಲಾಗಿವೆ ಎಂದು ನನಗೆ ಅನ್ನಿಸುತ್ತದೆ: ಮಿಂಚುವ ಪುಟ್ಟ ಮೈ ಸೂರಕ್ಕಿಗೆ, ದೂರದ ಹಾದಿಗಾಗಿ ಉಣ್ಣುವ ಆತುರ ಕಬ್ಬಕ್ಕಿಗೆ.

ಸೂರಕ್ಕಿಯನ್ನು ನೋಡಲು ಎಲ್ಲಿಗೂ ಹೋಗಬೇಕಿಲ್ಲ. ಮಾಳಮಡ್ಡಿಯ ಹಂಚಿನ ಮನೆಯ ಹಿತ್ತಲಲ್ಲಿ ಒಂದು ದಾಸವಾಳವಿದ್ದರೆ ಸಾಕು. ಹೂವಿನೆದುರು ಅರೆಗಳಿಗೆ ಗಾಳಿಯಲ್ಲಿ ನಿಲ್ಲುತ್ತದೆ, ಆಮೇಲೆ ಟೊಂಗೆ ಹಿಡಿದೇ ಕುಡಿಯುತ್ತದೆ. ಜೇಡರ ಬಲೆಯಿಂದ ನಾರು, ತೊಗಟೆಯ ಚೂರು, ಹುಳದ ಹಿಕ್ಕೆಗಳನ್ನೆಲ್ಲ ಹೆಣೆದು ಒಣಗಿದ ಕಸದಂತೆ ಕಾಣುವ ಗೂಡು ತೂಗುಬಿಡುತ್ತದೆ. ಪಕ್ಕದಲ್ಲೊಂದು ಬಾಗಿಲು, ಅದರ ಮೇಲೆ ಸಣ್ಣ ಮಾಡು! ಬೇಸಿಗೆಯಿರಲಿ, ಮಳೆಗಾಲವಿರಲಿ, ಊರು ಬಿಡುವ ಯೋಚನೆ ಅದಕ್ಕಿಲ್ಲ.

ಕಬ್ಬಕ್ಕಿಯ ಬಾಳು ಬೇರೆ. ಮಧ್ಯ ಏಷ್ಯಾದ ಹುಲ್ಲುಗಾವಲಲ್ಲಿ ಮರಿ ಮಾಡಿ, ನಮ್ಮ ಮಳೆಗಾಲ ಮುಗಿಯುವ ಮೊದಲೇ ಇತ್ತ ಇಳಿಯತೊಡಗುತ್ತದೆ. ಧಾರವಾಡದ ಪಡುವಣಕ್ಕೆ ಮಲೆನಾಡಿನ ಸೆರಗು, ಮೂಡಣಕ್ಕೆ ನವಲಗುಂದದ ಎರೆಭೂಮಿ. ಹಿಂಗಾರಿ ಬಿಳಿಜೋಳ ಹಾಲುಗಾಳಿಗೆ ಬಂದಾಗ ಈ ದಂಡು ಎರೆಯ ಹೊಲಕ್ಕೆ ಎರಗಿದರೆ ರೈತನಿಗೆ ಗುಲಾಬಿ ಬಣ್ಣದ ಸೊಗಸು ಎಲ್ಲಿಂದ ಕಾಣಬೇಕು? ಎಳೆ ತೆನೆಯ ಸೀತನಿ ಸುಡುವ ಹೊತ್ತಿಗೆ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿದವರಿಗೆ ಅದು ಬರೀ ಕಳ್ಳಹಕ್ಕಿ. ಅವರನ್ನು ತಪ್ಪೆನ್ನಲಾರೆ. ಆದರೆ ಇದೇ ಹಕ್ಕಿ ಮಿಡತೆಗಳನ್ನೂ ಮುಕ್ಕುತ್ತದೆ.

ರಾಶಿ ಮುಗಿದು ಹೊಲ ಬರಿದಾಗುವ ಹೊತ್ತಿಗೇ ಮುತ್ತಲ, ಕೆಂಪು ಬೂರುಗ, ಹಾಲವಾಣಗಳು ಹೂವೆದ್ದು ಮಕರಂದ ತುಂಬಿಕೊಳ್ಳುತ್ತವೆ. ಹಕ್ಕಿ ಕುಡಿಯುವಾಗ ಹಣೆಗೆ ಪರಾಗ ಮೆತ್ತುತ್ತದೆ, ಮುಂದಿನ ಮರಕ್ಕೆ ಸಾಗುತ್ತದೆ. ಇಂಥ ಹೂಹಕ್ಕಿಗಳ, ಹಕ್ಕಿಹೂಗಳ ನಂಟಿನ ಬಗ್ಗೆ ಪಕ್ಷಿತಜ್ಞ ಸಲೀಂ ಅಲಿ 1932ರಲ್ಲೇ ಬರೆದಿದ್ದರು. ಹೂವಿನ ಸಕ್ಕರೆ ಹಕ್ಕಿಯ ಮೈಯಲ್ಲಿ ಕೊಬ್ಬಾಗುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಕೊಬ್ಬಿನಲ್ಲಿ ಸಕ್ಕರೆಗಿಂತ ಎರಡು ಪಟ್ಟಿಗೂ ಹೆಚ್ಚು ಕಸುವು. ದೂರ ಹಾರುವವರಿಗೆ ಇದಕ್ಕಿಂತ ಹಗುರಾದ ಬುತ್ತಿ ಇಲ್ಲ.

ನನ್ನನ್ನು ಬೆರಗಾಗಿಸುವುದು ಇನ್ನೊಂದು. ಚಳಿಗಾಲದಲ್ಲಿ ಮಾಸಲಾಗಿದ್ದ ಗುಲಾಬಿ ಮಾರ್ಚಿಗೆ ಝಗ್ಗನೆ ಹೊಳೆಯುತ್ತದೆ. ಹೊಸ ಗರಿ ಬಂದಿದ್ದಕ್ಕಲ್ಲ, ಹಳೆಯ ಗರಿ ಸವೆದದ್ದಕ್ಕೆ! ಗರಿಗಳ ಮಸುಕು ಅಂಚುಗಳು ತಿಂಗಳುಗಟ್ಟಲೆ ಉಜ್ಜಿ ಉದುರಿ, ಒಳಗಿನ ಬಣ್ಣ ಮೇಲೆ ಬರುತ್ತದೆ. ಮದುವೆಯ ಉಡುಗೆಯನ್ನು ಮೊದಲೇ ತೊಟ್ಟು, ಮೇಲೊಂದು ಹಳೆ ಹೊದಿಕೆ ಹೊದ್ದು ಬಂದಿರುತ್ತದೆ ಈ ಹಕ್ಕಿ. ಹುಬ್ಬಳ್ಳಿ ರಂಗಪಂಚಮಿಗೆ ಬಣ್ಣ ಎರಚಿಕೊಳ್ಳುವ ದಿನಗಳಲ್ಲೇ ಇದರ ಬಣ್ಣವೂ ತೆರೆಯುತ್ತದೆ.

ಏಪ್ರಿಲ್ ಕಳೆಯುವಷ್ಟರಲ್ಲಿ ದಂಡು ವಾಯವ್ಯಕ್ಕೆ ಹೊರಟಿರುತ್ತದೆ. ಅತ್ತ ಕಜಾಕಸ್ತಾನದ ಬಯಲಲ್ಲಿ ಮಿಡತೆ ಎದ್ದಲ್ಲಿ ಇವು ಸಾವಿರಗಟ್ಟಲೆ ಒಟ್ಟಾಗಿ ಕಲ್ಲುಸಂದುಗಳಲ್ಲಿ ಗೂಡು ಮಾಡುತ್ತವೆ. ಚೀನಾದ ಶಿನ್‌ಜಿಯಾಂಗ್‌ನಲ್ಲಂತೂ ಮಿಡತೆಯ ಕಾಟ ತಡೆಯಲೆಂದೇ ಕಲ್ಲು ಒಟ್ಟಿ ಇವಕ್ಕೆ ಮನೆ ಕಟ್ಟಿಕೊಟ್ಟಿದ್ದಾರೆ. ನಾವು ಕವಣೆ ಬೀಸಿ ಓಡಿಸಿದ ಹಕ್ಕಿಗೆ ಅಲ್ಲಿ ಬೀಗರ ಮರ್ಯಾದೆ!

ನೋಡುವ ಮನಸ್ಸಿದ್ದವರು ಎಂಟು ಗಂಟೆಯೊಳಗೆ ಮರ ಮುಟ್ಟಿರಿ. ಬಿಸಿಲೇರಿದರೆ ಗದ್ದಲ ಇಳಿಯುತ್ತದೆ. ಬಿಳಿ ಅಂಗಿ ಬೇಡ. ಕೆಳಗೆ ನಿಂತವರ ಮೇಲೆ ಬೀಳುವುದು ಹೂವಷ್ಟೇ ಅಲ್ಲ.