ದನಿಯನ್ನು ಪ್ರತಿ ಮಾಡುವ ಕಾಯಕ



ರೋಣ, ನರಗುಂದ, ಗಜೇಂದ್ರಗಡ ಭಾಗದ ಸದ್ಭಕ್ತರ ಮನೆಗಳಿಗೆ ಹೋದಾಗ ದೇವರ ಜಗಲಿಯ ಪಕ್ಕದ ಮಾಡದಲ್ಲೋ ಟ್ರಂಕಿನ ತಳದಲ್ಲೋ ನಾಲ್ಕಾರು ಕ್ಯಾಸೆಟ್ಟುಗಳು ಇಂದಿಗೂ ಕಾಣಸಿಗುತ್ತವೆ. ಶ್ರಾವಣ ಮಾಸದ ಪುರಾಣ ಪ್ರವಚನ, ಜಾತ್ರೆಯ ಅನುಭಾವಗೋಷ್ಠಿ, ಧಾರವಾಡ ಆಕಾಶವಾಣಿಯಿಂದ ಟೂ-ಇನ್-ಒನ್‌ನಲ್ಲಿ ಹಿಡಿದಿಟ್ಟುಕೊಂಡ ವಚನಗಾಯನ ಇತ್ಯಾದಿ. ಕೇಳುವ ಯಂತ್ರ ಎಂದೋ ಕೆಟ್ಟಿದೆ. ಕ್ಯಾಸೆಟ್ಟನ್ನು ಎಸೆಯಲು ಮಾತ್ರ ಯಾರಿಗೂ ಮನಸ್ಸಿಲ್ಲ. ಅವನ್ನು ಸಿ.ಡಿ.ಗೆ ಇಳಿಸಿಕೊಡುವ ಸೇವೆ ಕಳೆದ ಮೂರು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ.

ಶ್ರೀಮಠದ ಗ್ರಂಥಾಲಯದಲ್ಲಿ ಭಕ್ತರೊಬ್ಬರು ಹಿಂದೆ ವಿದೇಶದಿಂದ ತಂದು ಅರ್ಪಿಸಿದ ಹೋಮ್ ಸಿ.ಡಿ. ರೆಕಾರ್ಡರ್ ಒಂದಿದೆ. ಇಂತಹ ಯಂತ್ರಗಳನ್ನು ಫಿಲಿಪ್ಸ್ ಕಂಪನಿಯು 1997ರ ಸುಮಾರಿಗೆ ಮನೆಬಳಕೆಗೆಂದು ಮಾರುಕಟ್ಟೆಗೆ ತಂದಿತು. ನೋಡಲು ಟೇಪ್‌ರೆಕಾರ್ಡರಿನ ಅಣ್ಣನಂತಿದೆ. ಇದಕ್ಕೆ ಕಂಪ್ಯೂಟರ್ ಬೇಕಿಲ್ಲ. ಕ್ಯಾಸೆಟ್ ಡೆಕ್ಕಿನಿಂದ ಎರಡು ತಂತಿ ತಂದು ಜೋಡಿಸಿದರೆ ಆಯಿತು. ಆದರೆ ಕಂಪ್ಯೂಟರಿಗೆಂದು ಮಾರುವ ಖಾಲಿ ಸಿ.ಡಿ.ಯನ್ನು ಇದು ಮುಟ್ಟುವುದಿಲ್ಲ. ಸಂಗೀತಕ್ಕೆಂದೇ ಗುರುತು ಹಾಕಿದ ಆಡಿಯೋ ಸಿ.ಡಿ.ಯೇ ಆಗಬೇಕು. ಅವು ಈಗ ಸಿಗುವುದು ದುರ್ಲಭ. ನಮ್ಮ ದೇಶದಲ್ಲಿ ಖಾಲಿ ಸಿ.ಡಿ.ಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದ ಮೋಸರ್ ಬೇರ್ ಕಂಪನಿಯೂ 2018ರಲ್ಲಿ ಸಮಾಪನೆಯ ಹಾದಿ ಹಿಡಿಯಿತು. ನಮ್ಮ ಕಪಾಟಿನಲ್ಲಿ ಆಡಿಯೋ ಸಿ.ಡಿ.ಗಳು ಉಳಿದಿರುವುದು 11. ಯಾವ ದನಿಗೆ ಅವನ್ನು ಕೊಡಬೇಕು ಎಂಬುದೇ ಈಗ ದಿನನಿತ್ಯದ ಪ್ರಶ್ನೆ.

ಒಂದು ಸಿ.ಡಿ.ಯಲ್ಲಿ ಹಿಡಿಸುವುದು 80 ನಿಮಿಷ. ನಮ್ಮ ಕಡೆಯ ಪ್ರವಚನದ ಕ್ಯಾಸೆಟ್ಟುಗಳು ಬಹುತೇಕ 90 ನಿಮಿಷದವು, ಬದಿಗೆ 45ರಂತೆ. ಹತ್ತು ನಿಮಿಷ ಹೊರಗುಳಿಯಬೇಕು, ಇಲ್ಲವೇ ಇನ್ನೊಂದು ಸಿ.ಡಿ. ವ್ಯಯವಾಗಬೇಕು. ಪ್ರಾರ್ಥನೆಯನ್ನು ಬಿಡುವುದೇ? ನಡುವೆ ಬರುವ ಸೂಚನೆ, ದಾಸೋಹದ ಪ್ರಕಟಣೆ, ಯಾರದೋ ಮಗು ಕಳೆದಿದೆ ಎಂಬ ಕೂಗನ್ನು ಬಿಡುವುದೇ? ಮೊದಮೊದಲು ಕೆಲವು ಹಿರಿಯರು ‘ಅವೆಲ್ಲ ಯಾಕ ಬೇಕು, ಅಜ್ಜಾರ ಮಾತಷ್ಟ ಇರಲಿ’ ಎಂದದ್ದುಂಟು. ನನಗೆ ಹಾಗೆನಿಸುವುದಿಲ್ಲ. ಆ ಸಂಜೆ ಅಲ್ಲಿ ಎಷ್ಟು ಜನ ಕೂಡಿದ್ದರೆಂಬುದಕ್ಕೆ ಆ ಕೂಗಿನ ಹೊರತು ಬೇರೆ ಸಾಕ್ಷಿಯಿಲ್ಲ.

ತಟ್ಟೆಯ ಅಳತೆಯು ಹಾಡಿಗೆ ಮೇರೆ ಹಾಕುವುದು ಹೊಸದೇನಲ್ಲ. 1922ರಲ್ಲಿ ನಮ್ಮ ರೋಣದಲ್ಲಿಯೇ ಜನಿಸಿದ ಪಂಡಿತ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಂಗಡಿಯೊಂದರ ಮುಂದೆ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿಯ ಧ್ವನಿಮುದ್ರಿಕೆಯನ್ನು ಕೇಳಿ ಬೆರಗಾದರೆಂಬುದು ಪ್ರಸಿದ್ಧ. 1933ರಲ್ಲಿ, ಹನ್ನೊಂದರ ಪ್ರಾಯದಲ್ಲಿ, ಅವರು ಗುರುವನ್ನರಸಿ ಮನೆ ಬಿಟ್ಟರು. ನಿಮಿಷಕ್ಕೆ 78 ಸುತ್ತು ತಿರುಗುವ ಅಂದಿನ ತಟ್ಟೆಯ ಒಂದು ಮುಖದಲ್ಲಿ ಇರುತ್ತಿದ್ದುದು ಸುಮಾರು ಮೂರು ನಿಮಿಷದ ಗಾಯನ.

ಇನ್ನು ಇಳಿಸುವ ಬಗೆ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆ ಕುಳಿತೇ ತೀರಬೇಕು. ಹಾಗೆ ಕುಳಿತು ಕೇಳುವಾಗ ಮೊದಲು ಕಿವಿಗೆ ಬೀಳುವುದು ಮಂಕುತನ. ಮುದ್ರಿಸಿದ ಯಂತ್ರದ ಹೆಡ್ಡಿಗೂ ಈಗ ನುಡಿಸುವ ಯಂತ್ರದ ಹೆಡ್ಡಿಗೂ ಕೂದಲೆಳೆಯಷ್ಟು ವಾರೆಯಿದ್ದರೆ ಸಾಕು, ‘ಶ’ಕಾರ ‘ಸ’ಕಾರಗಳು ಮಸುಕಾಗಿ ಒಂದೇ ಆಗಿಬಿಡುತ್ತವೆ. ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಅರೆಸುತ್ತು ಆಚೀಚೆ ತಿರುಗಿಸುತ್ತ ಬಂದರೆ ಒಂದು ಬಿಂದುವಿನಲ್ಲಿ ‘ಶರಣ’ ಎಂಬುದು ಶರಣವಾಗಿ ಕೇಳಿಸುತ್ತದೆ. ಪ್ರತಿ ಕ್ಯಾಸೆಟ್ಟಿಗೂ ಇದನ್ನು ಮತ್ತೆ ಮಾಡಬೇಕು. ಮುದ್ರಣದ ಮಟ್ಟದಲ್ಲಿಯೂ ಎಚ್ಚರ ಬೇಕು. ಟೇಪಿನಲ್ಲಿ ಮುಳ್ಳು ತುಸು ಕೆಂಪಿಗೆ ಹೋದರೂ ನಡೆಯುತ್ತಿತ್ತು, ಸಿ.ಡಿ.ಯಲ್ಲಿ ಸೊನ್ನೆಯ ಗೆರೆ ದಾಟಿದರೆ ದನಿ ಒಡೆಯುತ್ತದೆ, ಒಡೆದದ್ದು ಮತ್ತೆ ಕೂಡುವುದಿಲ್ಲ.

ಯಂತ್ರಕ್ಕೆ ಒಂದು ಚಾಳಿಯಿದೆ. ಎರಡು-ಮೂರು ಸೆಕೆಂಡು ಮೌನ ಬಂದರೆ ಹಾಡು ಮುಗಿಯಿತೆಂದು ತಿಳಿದು ತಾನಾಗಿ ಹೊಸ ಟ್ರ್ಯಾಕ್ ತೆರೆಯುತ್ತದೆ. ಚಿತ್ರಗೀತೆಗೆ ಇದು ಅನುಕೂಲ. ವಚನ ನಿರ್ವಚನ ಮಾಡುವವರು ಒಂದು ಮಾತು ಹೇಳಿ, ಸಭೆಗೆ ಅದು ಇಳಿಯಲೆಂದು ಸುಮ್ಮನಾಗುತ್ತಾರೆ. ಆ ಮೌನದಲ್ಲೆಲ್ಲ ಯಂತ್ರವು ಒಂದೊಂದು ಬೇಲಿ ಹಾಕುತ್ತ ಹೋಗುತ್ತದೆ. ಆದ್ದರಿಂದ ಆ ಸೌಕರ್ಯವನ್ನು ಆರಿಸಿಟ್ಟು, ವಚನ ಬದಲಾದಲ್ಲಿ ನಾನೇ ಗುಂಡಿ ಒತ್ತುತ್ತೇನೆ. ಕೊನೆಯಲ್ಲಿ ‘ಫೈನಲೈಜ್’ ಎಂಬ ಕ್ರಿಯೆಯಿದೆ. ಆಗ ಸಿ.ಡಿ.ಯ ಒಳಸುತ್ತಿನಲ್ಲಿ ವಿಷಯಸೂಚಿ ಬರೆಯಲ್ಪಡುತ್ತದೆ. ಅದಾಗದೆ ಬೇರೆ ಮನೆಯ ಪ್ಲೇಯರಿನಲ್ಲಿ ಅದು ನುಡಿಯದು. ಅದಾದ ಮೇಲೆ ಒಂದಕ್ಷರವನ್ನೂ ಸೇರಿಸಲಾಗದು. ಆ ಕೆಲವು ನಿಮಿಷಗಳಲ್ಲಿ ಕರೆಂಟು ಹೋಗದಿರಲೆಂದು ಬ್ಯಾಟರಿಯ ಆಸರೆ ಇಟ್ಟುಕೊಂಡಿದ್ದೇನೆ.

ಇನ್ನೊಂದು ಕಟ್ಟುಪಾಡು. ಡಿಜಿಟಲ್ ತಂತಿಯಿಂದ ತೆಗೆದ ಪ್ರತಿಯಿಂದ ಮತ್ತೊಂದು ಡಿಜಿಟಲ್ ಪ್ರತಿ ತೆಗೆಯಲು ಈ ಯಂತ್ರ ಒಪ್ಪುವುದಿಲ್ಲ. ಧ್ವನಿಮುದ್ರಿಕೆ ಕಂಪನಿಗಳ ಹಿತಕ್ಕಾಗಿ ಇಟ್ಟ ನಿಯಮವಿದು. ತಾಡೋಲೆಗಳಿಗೂ ಇಂತಹ ನಿಯಮವಿದ್ದಿದ್ದರೆ! ಪ್ರತಿಯಿಂದ ಪ್ರತಿ ಮಾಡುತ್ತ ಬಂದ ಹೆಸರಿಲ್ಲದ ಲಿಪಿಕಾರರಿಂದಲೇ ಫ.ಗು. ಹಳಕಟ್ಟಿಯವರಿಗೆ ಓಲೆಯ ಕಟ್ಟುಗಳು ದೊರೆತವು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು.

ಕಳೆದ ವರ್ಷ ಗಜೇಂದ್ರಗಡದ ನೇಕಾರ ಮನೆತನದ ತಾಯಿಯೊಬ್ಬರು ಒಂದು ಕ್ಯಾಸೆಟ್ಟನ್ನೂ ಒಂದು ಸಿ.ಡಿ.ಯನ್ನೂ ತಂದರು. ಲಿಂಗೈಕ್ಯರಾದ ಅವರ ತಾಯಿ ಮಗ್ಗದ ಮನೆಯಲ್ಲಿ ಕುಳಿತು ಹಾಡಿದ ವಚನಗಳು. ಸುಮಾರು ಇಪ್ಪತ್ತು ವರ್ಷದ ಹಿಂದೆ ಪೇಟೆಯಲ್ಲಿ ಯಾರೋ ಅದನ್ನು ಸಿ.ಡಿ. ಮಾಡಿಕೊಟ್ಟಿದ್ದರು. ಸಿ.ಡಿ. ಈಗ ನುಡಿಯುತ್ತಿಲ್ಲ. ಬರೆಯುವ ಸಿ.ಡಿ.ಯಲ್ಲಿ ದನಿ ನಿಲ್ಲುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆಗಳಿಗೆ ಆ ಬಣ್ಣ ಮಾಸುತ್ತದೆ. ಹೆಸರು ಬರೆಯುವ ಮೇಲುಮುಖದಲ್ಲಿ ಗೀರು ಬಿದ್ದರಂತೂ ಬೆಳ್ಳಿಯ ಪದರವೇ ಕಿತ್ತುಬರುತ್ತದೆ. ಕ್ಯಾಸೆಟ್ಟಿನಲ್ಲಿ ಒಂದೆಡೆ ಟೇಪು ತುಂಡಾಗಿತ್ತು, ಒತ್ತುವ ಹತ್ತಿಯ ಪಟ್ಟಿ ಉದುರಿತ್ತು. ಟೇಪನ್ನು ಬೇರೊಂದು ಕವಚಕ್ಕೆ ವರ್ಗಾಯಿಸಿ, ತುಂಡನ್ನು ಅಂಟಿಸಿ ನುಡಿಸಿದೆವು. ನುಡಿಯಿತು.

ಹಾಡಿನ ಹಿಂದೆ ಉದ್ದಕ್ಕೂ ಮಗ್ಗದ ಸಪ್ಪಳ. ‘ಇದನ್ನ ಕಡಿಮಿ ಮಾಡ್ಲೇನ್ರೀ ಅವ್ವಾರ?’ ಎಂದು ಕೇಳಿದೆ. ‘ಬ್ಯಾಡ ತಮ್ಮಾ, ಆ ಮಗ್ಗದ ಮ್ಯಾಲೆ ಇದ್ದಾಂವ ನಮ್ಮಪ್ಪ. ಹಿಂದಿನ ಸೀಡ್ಯಾಗ ಅದನ್ನ ತಗದುಬಿಟ್ಟಿದ್ರು’ ಎಂದರು. ಸಪ್ಪಳ ಹಾಗೆಯೇ ಉಳಿಯಿತು.

ಆ ತಾಯಿಯ ಗಾಯನದಲ್ಲಿ ಒಂದು ವಚನದ ಅಂಕಿತಕ್ಕೆ ಮುಂಚಿನ ಸಾಲಿನಲ್ಲಿ ಬೇರೆಯೇ ಪದವೊಂದಿದೆ. 1993ರಲ್ಲಿ ಹೊರಬಂದ ‘ಸಮಗ್ರ ವಚನ ಸಂಪುಟ’ದಲ್ಲಿ ನೋಡಿದೆ, ಅಲ್ಲಿ ಆ ಪದವಿಲ್ಲ. ಎಂ.ಎ. ತರಗತಿಯಲ್ಲಿ ಪಾಠಾಂತರವೆಂದರೆ ಅಡಿಟಿಪ್ಪಣಿಯ ಸಣ್ಣಕ್ಷರವೆಂದು ಓದಿದವನು ನಾನು. ಇಲ್ಲಿ ಅದಕ್ಕೆ ಉಸಿರಿತ್ತು, ತುಸು ಕೆಮ್ಮೂ ಇತ್ತು. ಅವರು ಯಾರ ಬಾಯಿಂದ ಕಲಿತರೆಂದು ಮಗಳಿಗೂ ತಿಳಿಯದು. ‘ತಪ್ಪು ಹಾಡ್ಯಾಳೇನ್ರಿ?’ ಎಂದು ಆ ತಾಯಿ ಅಳುಕಿನಿಂದಲೇ ಕೇಳಿದರು. ಇಲ್ಲವೆಂದೆ. ಸಿ.ಡಿ.ಯ ಡಬ್ಬಿಯೊಳಗೆ ಇಡುವ ಚೀಟಿಯಲ್ಲಿ ಊರು, ಬದಿ, ಇಳಿಸಿದ ದಿನಾಂಕಗಳ ಜೊತೆಗೆ ಆ ಪದವನ್ನೂ ಕೇಳಿಸಿದಂತೆಯೇ ಬರೆದಿಟ್ಟಿದ್ದೇನೆ. ಆ 52 ನಿಮಿಷಗಳಿಗೆ ಒಂದು ಆಡಿಯೋ ಸಿ.ಡಿ. ಪೂರ್ತಿಯಾಗಿ ಸಂದಿತು, 28 ನಿಮಿಷ ಖಾಲಿ ಉಳಿದರೂ ಬೇರೇನನ್ನೂ ಸೇರಿಸಲಿಲ್ಲ.

ಎಲ್ಲ ದನಿಗಳ ಒಂದೊಂದು ಪ್ರತಿಯನ್ನು ಕಂಪ್ಯೂಟರಿನ ಎರಡು ಪ್ರತ್ಯೇಕ ಹಾರ್ಡ್ ಡಿಸ್ಕ್‌ಗಳಲ್ಲಿಯೂ ಇಡುತ್ತಿದ್ದೇವೆ. ಒತ್ತಿ ಕುಗ್ಗಿಸದೆ ಇಟ್ಟರೆ ನಿಮಿಷಕ್ಕೆ ಸುಮಾರು 10 ಮೆಗಾಬೈಟ್ ತಗಲುತ್ತದೆ, ಅಷ್ಟೇ. ಹಾಗಾದರೆ ಸಿ.ಡಿ. ಏಕೆಂದು ಕಿರಿಯರು ಕೇಳುತ್ತಾರೆ. ನಮ್ಮ ಹಿರಿಯರಲ್ಲಿ ಅನೇಕರ ಮನೆಯಲ್ಲಿ ಸಿ.ಡಿ. ಪ್ಲೇಯರ್ ಇದೆ, ಕೈಗೆ ಅದರ ಗುಂಡಿಗಳ ಪರಿಚಯವಿದೆ. ಮೊಬೈಲಿನಲ್ಲಿ ಹುಡುಕಿಕೊಡಲು ಮೊಮ್ಮಕ್ಕಳು ಹತ್ತಿರವಿರಬೇಕಲ್ಲ.

ನರಗುಂದದಿಂದ ಬಂದ ಒಂದು ಶ್ರಾವಣ ಪ್ರವಚನದ ಕ್ಯಾಸೆಟ್ಟಿನಲ್ಲಿ ಅರ್ಧ ದಾರಿಗೆ ಮಾತು ನಿಂತು ಚಿತ್ರಗೀತೆ ಶುರುವಾಯಿತು. ಮನೆಯ ಹುಡುಗನೊಬ್ಬ ಅದರ ಮೇಲೆಯೇ ಹಾಡು ತುಂಬಿಸಿದ್ದ. ಆ ಹುಡುಗ ಈಗ ನಾಲ್ವತ್ತೈದರ ಗೃಹಸ್ಥ. ಕ್ಯಾಸೆಟ್ಟು ತಂದವರೂ ಅವರೇ. ಕೆಳಗಿನ ಮಾತು ಮರಳಿ ಬರಲಾರದು. ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ಚಕ್ಕೆಗಳನ್ನು ಮುರಿದರೆ ಮೇಲೆ ಮುದ್ರಿಸಲು ಬಾರದು. ಮನೆಯಲ್ಲಿರುವ ಕ್ಯಾಸೆಟ್ಟುಗಳಿಗೆ ಸದ್ಭಕ್ತರು ಇಂದೇ ಇದನ್ನು ಮಾಡಬಹುದು. ಹಳೆಯ ಯಂತ್ರದಲ್ಲಿ ಹಾಕಿ ಪರೀಕ್ಷಿಸಬೇಡಿ, ಬಿಸಿಲಿಗೆ ಇಡಬೇಡಿ, ಸಿ.ಡಿ. ಮಾಡಿಸಿದ ಮೇಲೆಯೂ ಮೂಲವನ್ನು ಎಸೆಯಬೇಡಿ. ಈ ವಾರ ರೋಣದಿಂದ ಬಂದ ಎರಡು ಕ್ಯಾಸೆಟ್ಟುಗಳಿವೆ, ಒಂದಕ್ಕೆ ಬೂಸರು ಹಿಡಿದಿದೆ. ಅದನ್ನು ಮೊದಲು ತೆಗೆದುಕೊಳ್ಳುತ್ತೇನೆ.