ನಗೆಗೊಂದು ಬಾಕಿ



ಕಳೆದ ಶನಿವಾರ ನನ್ನಾಕೆ ಮಗಳ ಮನೆಗೆ ಹೋಗಿದ್ದಳು. ತುಮಕೂರಿನಲ್ಲಿ ಬೆಳಗಿನಿಂದಲೇ ಜಿಟಿಜಿಟಿ ಮಳೆ. ಹೊರಗೆ ಕಾಲಿಡುವಂತಿರಲಿಲ್ಲ. ಮಗ ಮೊಬೈಲಿನಲ್ಲಿ ಹಾಕಿಕೊಟ್ಟಿದ್ದ ಹಳೆಯ ಹಾಸ್ಯ ನಾಟಕಗಳನ್ನು ಒಂದೊಂದಾಗಿ ಕೇಳುತ್ತ, ನೋಡುತ್ತ ಎರಡು ದಿನ ಕಳೆದೆ. ಒಬ್ಬನೇ ಕುಳಿತು ಅಷ್ಟು ಗಟ್ಟಿಯಾಗಿ ನಕ್ಕದ್ದು ನೆನಪಿಲ್ಲ.

ನಾನು ಹುಟ್ಟಿ ಬೆಳೆದದ್ದು ಕುಣಿಗಲ್ಲಿನಲ್ಲಿ. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಪರವಾನಗಿ ಶುಲ್ಕ ಕಟ್ಟಬೇಕಾಗಿದ್ದ ಕಾಲ ಅದು. ನಮ್ಮ ತಂದೆಯವರದು ಬಹಳ ಗಂಭೀರ ಸ್ವಭಾವ. ಅವರೆದುರು ನಾವು ಮಕ್ಕಳು ಉಸಿರೆತ್ತುತ್ತಿರಲಿಲ್ಲ. ಆದರೆ ಆಕಾಶವಾಣಿಯಲ್ಲಿ 'ಈರಣ್ಣ' ಎಂದೇ ನಾಡಿಗೆ ಪರಿಚಿತರಾಗಿದ್ದ ಎ. ಎಸ್. ಮೂರ್ತಿಯವರ ದನಿ ಕೇಳಿದೊಡನೆ ಅವರ ಮುಖ ಸಡಿಲಗೊಳ್ಳುತ್ತಿತ್ತು. ಒಮ್ಮೊಮ್ಮೆ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಗುತ್ತಿದ್ದರು. ಅಷ್ಟು ಹೊತ್ತು ಅವರು ನಮಗೆ ಅಪ್ಪನಾಗಿ ಅಲ್ಲ, ಗೆಳೆಯನಾಗಿ ಕಾಣುತ್ತಿದ್ದರು.

ಬಿ.ಎಡ್. ಮುಗಿಸಿ ಅಧ್ಯಾಪಕನಾದಾಗ ತಂದೆಯವರ ಗಾಂಭೀರ್ಯವನ್ನು ತರಗತಿಗೆ ಕೊಂಡೊಯ್ದೆ, ನಗುವನ್ನು ಮನೆಯಲ್ಲೇ ಬಿಟ್ಟೆ. ಮನೆಯಲ್ಲಿ ರಮೇಶ್ ಭಟ್ಟರ 'ಕ್ರೇಜಿ ಕರ್ನಲ್' ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕವನು ಶಾಲೆಯಲ್ಲಿ ಹುಬ್ಬು ಗಂಟಿಕ್ಕಿಕೊಂಡೇ ಇರುತ್ತಿದ್ದೆ.

ಗುಬ್ಬಿಯಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ಒಂಬತ್ತನೆಯ ತರಗತಿಯಲ್ಲೊಬ್ಬ ಹುಡುಗನಿದ್ದ. ಒಂದು ದಿನ ನಾನು ಬಾಗಿಲಿಗೆ ಬಂದಾಗ, ಅವನು ಕನ್ನಡಕ ಮೂಗಿನ ತುದಿಗೆ ಜಾರಿದಂತೆ ನಟಿಸುತ್ತ, ನನ್ನದೇ ದನಿಯಲ್ಲಿ ಹಳಗನ್ನಡ ವ್ಯಾಕರಣ ಬೋಧಿಸುತ್ತಿದ್ದ. ತರಗತಿಗೆ ತರಗತಿಯೇ ಬಿದ್ದು ಬಿದ್ದು ನಗುತ್ತಿತ್ತು. ನಾನು ಅವನನ್ನು ದಿನವಿಡೀ ಹೊರಗೆ ನಿಲ್ಲಿಸಿದೆ. "ಓದೋಕ್ಕೆ ಬಂದಿದೀಯೋ, ನಾಟಕ ಆಡೋಕ್ಕೆ ಬಂದಿದೀಯೋ?" ಎಂದು ಎಲ್ಲರೆದುರು ಬೈದೆ. ಆ ವರ್ಷವಿಡೀ ಅವನು ಮತ್ತೆ ಬಾಯಿ ಬಿಡಲಿಲ್ಲ.

ನಾನು ಈ ಮಾತನ್ನು ಹೇಳಿದ ಊರು ಯಾವುದು? 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಊರು. 'ಸದಾರಮೆ'ಯ ಕಳ್ಳನಾಗಿ ನಾಡನ್ನೇ ನಗಿಸಿದ ಗುಬ್ಬಿ ವೀರಣ್ಣನವರ ಊರು. ಪಕ್ಕದ ತಿಪಟೂರಿನವರಾದ ನರಸಿಂಹರಾಜು ಕೂಡ ರಂಗಭೂಮಿಯಲ್ಲಿ ಪಳಗಿಯೇ 1954ರ 'ಬೇಡರ ಕಣ್ಣಪ್ಪ' ಚಿತ್ರಕ್ಕೆ ಬಂದವರು. ಅಂಥ ನೆಲದಲ್ಲಿ ನಿಂತು, ನಾಟಕವೆಂಬ ಮಾತನ್ನು ಬೈಗುಳವಾಗಿ ಬಳಸಿದೆನಲ್ಲ!

ಭಾನುವಾರ ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ಕೇಳುವಾಗ ಇದೆಲ್ಲ ಮನಸ್ಸಿಗೆ ಬಂತು. ಅಂದಂದಿನ ಸುದ್ದಿಯನ್ನು ಅಂದಂದೇ ಮಾತಿಗೆ ಸೇರಿಸಿ, ಅಧಿಕಾರದಲ್ಲಿದ್ದವರನ್ನೂ ಬಿಡದೆ ಗೇಲಿ ಮಾಡುತ್ತಿದ್ದವರು ಅವರು. ಪ್ರಭುತ್ವವನ್ನು ಅಣಕಿಸಿದ್ದಕ್ಕೆ ಚಪ್ಪಾಳೆ ತಟ್ಟಿದ ನಾನು, ನನ್ನನ್ನು ಅಣಕಿಸಿದ ಹುಡುಗನಿಗೆ ಶಿಕ್ಷೆ ಕೊಟ್ಟಿದ್ದೆ. 2019ರಲ್ಲಿ ಹಿರಣ್ಣಯ್ಯನವರೂ ತೀರಿಕೊಂಡರು. ಅವರ ದನಿ ಮಾತ್ರ ನನ್ನ ಮೇಜಿನ ಮೇಲೆ ಕುಳಿತು ನನ್ನನ್ನೇ ಗೇಲಿ ಮಾಡುವಂತಿತ್ತು.

ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಅವನ ಹೆಸರು ನನಗೆ ಚೆನ್ನಾಗಿ ನೆನಪಿದೆ, ಇಲ್ಲಿ ಬರೆಯಲಾರೆ. ಅಂದು ತರಗತಿಯಲ್ಲಿದ್ದ ಯಾರಾದರೂ ಇದನ್ನು ಓದುತ್ತಿದ್ದರೆ ದಯಮಾಡಿ ಅವನಿಗೆ ತಿಳಿಸಿ.

ಮಗೂ, ತಪ್ಪು ನನ್ನದು. ಬಿಡುವಾದಾಗ ಮನೆಗೆ ಬಾ. ಅಂದು ಅರ್ಧಕ್ಕೆ ನಿಲ್ಲಿಸಿದ ಪಾಠವನ್ನು ಪೂರ್ತಿ ಮಾಡಿ ತೋರಿಸು. ಮಂಡಿನೋವಿನಿಂದ ನನ್ನ ನಡಿಗೆ ಬದಲಾಗಿದೆ, ಅದನ್ನು ಮಾತ್ರ ನೀನು ಹೊಸದಾಗಿ ಅಭ್ಯಾಸ ಮಾಡಬೇಕಾದೀತು. ಈ ಸಲ ಎಲ್ಲರಿಗಿಂತ ಮೊದಲು ನಾನೇ ನಗುತ್ತೇನೆ.