ಬೇಳೆ ಯಾವ ಕಂಪ್ನೀದು?

ಸೂಪರ್‌ಮಾರ್ಕೆಟ್ಟಿನ ಬೇಳೆಕಾಳಿನ ಸಾಲಿನಲ್ಲಿ ಗಂಡ-ಹೆಂಡತಿ ನಿಂತು ಸಣ್ಣ ದನಿಯಲ್ಲಿ ಜಗಳ ಆಡೋದನ್ನ ನೀವು ನೋಡಿರ್ತೀರ. ನೋಡಿಲ್ಲ ಅಂದ್ರೆ ಆ ಜೋಡಿ ನೀವೇ ಇರಬೇಕು. ಒಬ್ಬರ ಕೈಯಲ್ಲಿ ಟೀವಿಯಲ್ಲಿ ಬರೋ ಕಂಪ್ನಿಯ ತೊಗರಿಬೇಳೆ. ಇನ್ನೊಬ್ಬರ ಕೈಯಲ್ಲಿ ಅದೇ ಅಂಗಡಿಯವರು ತಮ್ಮ ಹೆಸರು ಒತ್ತಿಸಿ ಇಟ್ಟಿರೋ ತೊಗರಿಬೇಳೆ. ಕಿಲೋಗೆ 20-30 ರೂಪಾಯಿ ವ್ಯತ್ಯಾಸ. "ದಿನಾ ತಿನ್ನೋ ವಸ್ತು, ಅದ್ರಲ್ಲೂ ಜಿಪುಣತನಾನಾ?" ಅಂತ ಒಬ್ಬರು. "ದಿನಾ ತಗೊಳೋದ್ರಲ್ಲೇ ಅಲ್ವಾ ಉಳಿಸ್ಬೇಕಾಗಿರೋದು?" ಅಂತ ಇನ್ನೊಬ್ಬರು. ಇಬ್ಬರ ಮಾತೂ ಸರಿ. ಅದಕ್ಕೇ ಜಗಳ ಮುಗಿಯಲ್ಲ.

2011ರಲ್ಲಿ ನಮ್ಮ ಬೆಂಗಳೂರಲ್ಲೇ ಶುರುವಾದ ಬಿಗ್‌ಬಾಸ್ಕೆಟ್‌ಗೆ 'ಬಿಬಿ ರಾಯಲ್' ಇದೆ, ರಿಲಯನ್ಸ್‌ನವರಿಗೆ 'ಗುಡ್ ಲೈಫ್' ಇದೆ. ಇಂಥವು ಅಗ್ಗ ಯಾಕೆ ಅಂದ್ರೆ ಅದರಲ್ಲಿ ಮಾಯಮಂತ್ರ ಏನಿಲ್ಲ. ಟೀವಿ ಜಾಹೀರಾತಿಲ್ಲ, ಸಿನಿಮಾ ನಟರಿಗೆ ಕೊಡೋ ದುಡ್ಡಿಲ್ಲ, ನಡುವೆ ಡಿಸ್ಟ್ರಿಬ್ಯೂಟರ್ ಇಲ್ಲ. ಮಿಲ್ಲಿಂದ ನೇರ ಅಂಗಡಿಯ ಗೋಡೌನಿಗೆ. ಹಾಗಂತ ಅಂಗಡಿಯವರು ಧರ್ಮಕ್ಕೆ ಮಾರ್ತಿಲ್ಲ. ಸಾಮಾನ್ಯವಾಗಿ ಅವರಿಗೆ ಕಂಪ್ನಿ ಮಾಲಿಗಿಂತ ತಮ್ಮ ಮಾಲಲ್ಲೇ ಲಾಭ ಜಾಸ್ತಿ.

ಹಳ್ಳಿಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಚಳ್ಳಕೆರೆ ಸೀಮೆಯ ನಮ್ಮೂರಲ್ಲಿ ಇದ್ದದ್ದೇ ಒಂದು ಅಂಗಡಿ, ಶೆಟ್ರದು. ಬೇಳೆ, ಬೆಲ್ಲ, ಸಾಸಿವೆ, ಎಲ್ಲಾ ಮೂಟೆಯಿಂದ ತಕ್ಕಡಿಗೆ, ತಕ್ಕಡಿಯಿಂದ ಹಳೇ ಪೇಪರಿನ ಪೊಟ್ಟಣಕ್ಕೆ. ಬೇಳೆ ಯಾವ ಕಂಪ್ನೀದು ಅಂತ ಯಾರೂ ಕೇಳ್ತಿರಲಿಲ್ಲ, ಅದು ಶೆಟ್ರ ಬೇಳೆ. ಹುಳ ಬಂದಿದ್ರೆ ಅಮ್ಮ ಪೊಟ್ಟಣ ಸಮೇತ ಹೋಗಿ, "ಏನ್ ಶೆಟ್ರೇ, ಇದನ್ನ ನಿಮ್ಮನೇಲಿ ಬೇಯಿಸ್ತೀರಾ?" ಅಂತ ನಾಲ್ಕು ಜನರ ಎದುರಿಗೆ ಕೇಳ್ತಿದ್ದಳು. ಶೆಟ್ರು ಮಾತಾಡದೆ ಬದಲಾಯಿಸಿ ಕೊಡ್ತಿದ್ದರು. ಅವತ್ತಿನ ಕ್ವಾಲಿಟಿ ಕಂಟ್ರೋಲ್ ಅಂದ್ರೆ ಅದೇ.

ಊರು ಬಿಟ್ಟು ಬಂದಮೇಲೆ ಜಗಳ ಆಡೋಕೆ ಶೆಟ್ರಿಲ್ಲ. ಬಿಲ್ ಮಾಡೋ ಹುಡುಗ ಮುಂದಿನ ತಿಂಗಳು ಇರ್ತಾನೋ ಇಲ್ಲವೋ. ಆ ಖಾಲಿ ಜಾಗಕ್ಕೆ ಬಂದು ಕೂತದ್ದು ಕಂಪ್ನಿ ಹೆಸರು. ಅದರ ಜೊತೆಗೆ ಇನ್ನೊಂದೂ ಬಂತು, ಮರ್ಯಾದೆ. ನಮ್ಮೂರಲ್ಲಿ ಪ್ಯಾಕೆಟ್ ಸಾಮಾನು ಅಂದ್ರೆ ನೆಂಟರು ಬಂದಾಗ ಒಡೆಯೋದು. ಬಿಇ ಮುಗಿಸಿ, ಕೆಲಸಕ್ಕೆ ಸೇರಿ, ಫ್ಲ್ಯಾಟಿನ ಇಎಂಐ ಕಟ್ತಾ ಇರೋ ಮಗ ಬಣ್ಣವಿಲ್ಲದ ಕವರಿನ ಬೇಳೆ ತಂದರೆ ಎಲ್ಲೋ ಮತ್ತೆ ಬಿಡಿ ಸಾಮಾನಿಗೆ ಇಳಿದ ಹಾಗೆ. ಅಡುಗೆಮನೆಗೆ ಬಂದು ಡಬ್ಬಿಗೆ ಸುರಿದಮೇಲೆ ಯಾವ ಬೇಳೆಯ ಮೇಲೂ ಹೆಸರಿರಲ್ಲ ಅನ್ನೋದು ಬೇರೆ ಮಾತು.

ನನಗೆ ಈ ಹೆಸರಿನ ವಿಷಯ ಹತ್ತಿರದ್ದು. ನಾನು ಬರೆಯೋ ಕೋಡ್ ಹೊರಗೆ ಹೋಗೋದು ಕ್ಲೈಂಟ್ ಹೆಸರಲ್ಲಿ. ಆ್ಯಪ್ ತೆರೆದರೆ ಅವರ ಲೋಗೋ, ಅವರ ಬಣ್ಣ. ಒಂದೇ ಎಂಜಿನ್ ಮೇಲೆ ಎರಡು ಕಂಪ್ನಿಗಳ ಆ್ಯಪ್ ಕೂರಿಸೋದು ನಮ್ಮಲ್ಲಿ ಮಾಮೂಲಿ. ಒಂದು ಲೆಕ್ಕದಲ್ಲಿ ನಾನೂ ಬೇಳೆ ಮಿಲ್ಲೇ. ಇನ್ನು ಅಪ್ಪನ ಶೇಂಗಾ ಚೀಲ ಚಳ್ಳಕೆರೆ ಮಾರುಕಟ್ಟೆಯಲ್ಲಿ ಇಳಿದ ಗಳಿಗೆಗೇ ಅಪ್ಪನ ಹೆಸರು ಕಳಚಿಕೊಳ್ಳುತ್ತೆ. ಆಮೇಲೆ ಅದು ಯಾವ ಡಬ್ಬದ ಎಣ್ಣೆಯಾಯ್ತೋ, ಯಾವ ಚಿಕ್ಕಿಯಾಯ್ತೋ ನಮಗೆ ಗೊತ್ತಾಗಲ್ಲ. ಹೆಸರಿಲ್ಲದ್ದೆಲ್ಲ ಕಳಪೆ ಅಂದ್ರೆ ನಾವಿಬ್ಬರೂ ಕಳಪೆ ಅಂದ ಹಾಗಾಯ್ತು. ಅದನ್ನ ಒಪ್ಪೋಕಾಗಲ್ಲ.

ಆದರೆ ಹೆಸರಿಲ್ಲದಿದ್ದರೂ ಜವಾಬ್ದಾರಿ ಇರಬೇಕು. ಕೋಡಿನಲ್ಲಿ ಯಾವ ಸಾಲು ಯಾರು ಬರೆದದ್ದು ಅಂತ ದಾಖಲೆ ಇರುತ್ತೆ. ದಿನಸಿಯಲ್ಲಿ ಆ ದಾಖಲೆ ಇರೋದು ಪ್ಯಾಕೆಟ್ಟಿನ ಹಿಂಭಾಗದಲ್ಲಿ, ಇರುವೆ ಅಕ್ಷರದಲ್ಲಿ. ತಯಾರಿಸಿದವರು ಅಥವಾ ಪ್ಯಾಕ್ ಮಾಡಿದವರು ಯಾರು, ಯಾವ ಊರು, 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್, ಪ್ಯಾಕ್ ಆದ ದಿನ. ಪದಾರ್ಥಗಳ ಪಟ್ಟಿ ಇದ್ದರೆ ಹೆಚ್ಚು ತೂಕದ್ದು ಮೊದಲು ಬರಬೇಕು ಅನ್ನೋದು ನಿಯಮ. ಸಾಂಬಾರ್ ಪುಡಿಯಲ್ಲಿ ಉಪ್ಪು ಎಷ್ಟನೇ ಜಾಗದಲ್ಲಿದೆ ನೋಡಿ, ಕಥೆ ಅರ್ಥ ಆಗುತ್ತೆ. ನಿವ್ವಳ ತೂಕವನ್ನಂತೂ ಮರೀಬೇಡಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಅಂದ್ರೆ ಸುಮಾರು 910 ಗ್ರಾಂ. ಅಷ್ಟೇ ದೊಡ್ಡದಾಗಿ ಕಾಣೋ ಪ್ಯಾಕೆಟ್ಟಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ಅಗ್ಗ ಅನ್ನೋದು ಬರೀ ಕಣ್ಣಿಗೆ.

ಇಷ್ಟು ನೋಡೋಕೆ ಕಲಿತಮೇಲೆ ನಮ್ಮ ಮನೆಯ ಪಟ್ಟಿ ತಾನಾಗೇ ಎರಡು ಭಾಗ ಆಯ್ತು. ಒಂದೇ ಪದಾರ್ಥದ ಸಾಮಾನು, ಅಂದ್ರೆ ಸಕ್ಕರೆ, ರವೆ, ಬೇಳೆ, ಅವಲಕ್ಕಿ, ಇವೆಲ್ಲ ಅಂಗಡಿಯದ್ದೇ. ಉಪ್ಪೂ ಅಷ್ಟೆ. ಮಾರಾಟಕ್ಕಿಟ್ಟ ಅಯೋಡಿನ್ ಉಪ್ಪಿನಲ್ಲಿ ಹತ್ತು ಲಕ್ಷಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಲೇಬೇಕು, ಕವರಿನ ಮೇಲೆ ಯಾರ ಹೆಸರಿದ್ದರೂ. ಎರಡನೇ ಭಾಗ ಕೈರುಚಿಯದ್ದು: ಕಾಫಿಪುಡಿ, ಟೀಪುಡಿ, ಸಾಂಬಾರ್ ಪುಡಿ, ಉಪ್ಪಿನಕಾಯಿ. ಚಿಕೋರಿ ಬೆರೆಸಿದ ಕಾಫಿಯಲ್ಲಿ ಕನಿಷ್ಠ 51 ಭಾಗ ಕಾಫಿ ಇರಬೇಕು ಅಂತ ಕಾನೂನು ಹೇಳುತ್ತೆ. ಅದು ಯಾವ ಬೀಜ, ಎಷ್ಟು ಹುರಿದದ್ದು ಅಂತ ಕಾನೂನು ಹೇಳಲ್ಲ. ಅಲ್ಲಿ ಹೆಸರಿಗೆ ಕೊಡೋ ದುಡ್ಡು ನಾಲಿಗೆಗೆ ಸಿಗುತ್ತೆ.

ಅಮ್ಮ ಊರಿಂದ ಬಂದಾಗ ಅಂಗಡಿ ಬೇಳೆ ನೋಡಿ, "ಯಾಕಪ್ಪಾ, ಕೆಲ್ಸ ಏನಾದ್ರೂ ಹೋಯ್ತಾ?" ಅಂತ ಮೆಲ್ಲಗೆ ಕೇಳಿದಳು. ಐಟಿ ಕಂಪ್ನಿಗಳ ಸುದ್ದಿ ಅವಳಿಗೂ ತಲುಪಿತ್ತು. ಇಲ್ಲ ಅಂದಮೇಲೂ ನಂಬಿಕೆ ಬರಲಿಲ್ಲ. ಒಂದು ಹಿಡಿ ಮೊರಕ್ಕೆ ಹಾಕಿ, ಒಡಕು ಎಷ್ಟು, ಧೂಳು ಎಷ್ಟು ಅಂತ ನೋಡಿ, ಕುಕ್ಕರಿಗೆ ಹಾಕಿದಳು. ಮೂರು ಕೂಗಿಗೆ ಬೆಂದಿತ್ತು. "ಚೆನ್ನಾಗೇ ಐತೆ. ಹೆಸ್ರು ನೋಡ್ಕಂಡೇನು ಬೇಳೆ ಬೇಯಲ್ಲ" ಅಂದಳು. ನನ್ನ ಹೆಂಡತಿ ಕೇಳಿದಳು, "ಅತ್ತೆ, ನೆಂಟರು ಬಂದ್ರೆ?" ಅಮ್ಮ ನಕ್ಕಳು: "ನೆಂಟ್ರಿಗೆ ಸಾರು ಬಡಿಸ್ತೀಯೋ ಕವರ್ ತೋರಿಸ್ತೀಯೋ?" ಈ ಬದಲಾವಣೆಯಿಂದ ತಿಂಗಳಿಗೆ ನಮಗೆ ಉಳಿಯೋದು ಸುಮಾರು 1,200 ರೂಪಾಯಿ. ವರ್ಷದ್ದು ಕೂಡಿಟ್ಟರೆ ಅಪ್ಪನ ಎರಡು ಎಕರೆ ಶೇಂಗಾ ಬಿತ್ತನೆ ಬೀಜದ ದುಡ್ಡಿಗೆ ಹತ್ತಿರ ಬರುತ್ತೆ.

ಹಾಗಾದ್ರೆ ಎಲ್ಲಾ ಅಂಗಡಿಯದ್ದೇ ತಗೊಳ್ಳೋಣ ಅಂದ್ರೆ, ಅಲ್ಲಿ ನಾನು ನಿಲ್ತೀನಿ. ಕಪಾಟು ಅಂಗಡಿಯವರದ್ದು. ಕಣ್ಣಿನ ಎತ್ತರದ ಜಾಗ ತಮ್ಮ ಪ್ಯಾಕೆಟ್ಟಿಗೆ ಕೊಟ್ಟು, ಉಳಿದವರನ್ನ ಮೊಣಕಾಲ ಹತ್ತಿರ ಇಡೋದು ಅವರಿಗೆ ಸುಲಭ. ದೊಡ್ಡ ಕಂಪ್ನಿಗಳು ಹೇಗೋ ತಡ್ಕೊಳ್ತವೆ. ಮೊದಲು ಕಾಣೆಯಾಗೋದು ಮನೆಯಲ್ಲೇ ಹಪ್ಪಳ, ಚಟ್ನಿಪುಡಿ ಮಾಡಿ ಸಣ್ಣ ಹೆಸರಲ್ಲಿ ಮಾರೋರು. ಅವರೂ ಹೋಗಿ, ಮಿಲ್ಲಿನವರಿಗೂ ಒಬ್ಬನೇ ಗಿರಾಕಿ ಉಳಿದರೆ, ಬೆಲೆ ಹೇಳೋನು ಅವನೊಬ್ಬನೇ. ಮಾರುಕಟ್ಟೆಯಲ್ಲಿ ಕೂಗೋರು ಕಡಿಮೆಯಾದ ದಿನ ಶೇಂಗಾ ರೇಟು ಏನಾಗುತ್ತೆ ಅಂತ ಅಪ್ಪನನ್ನ ಕೇಳಿ.

ಅದಕ್ಕೆ ನಮ್ಮ ಪಟ್ಟಿಗೆ ಮೂರನೇ ಭಾಗವೊಂದು ಸೇರಿದೆ. ತಿಂಗಳಿಗೆ ಎರಡು ಸಾಮಾನಾದರೂ ಸಣ್ಣ ಹೆಸರಿನವರದ್ದು, ಅಗ್ಗ ಇರಲಿ ಬಿಡಲಿ. ಈಗ ಮನೆಗೆ ಬರೋ ಚಟ್ನಿಪುಡಿಯ ಕವರಿನ ಹಿಂದೆ ಮಾಡಿದವರ ಫೋನ್ ನಂಬರೇ ಇದೆ. ಹೋದ ತಿಂಗಳು ಉಪ್ಪು ಜಾಸ್ತಿ ಆಗಿತ್ತು. ಫೋನ್ ಮಾಡಿ ಹೇಳಿದ್ದಕ್ಕೆ ಆಯಮ್ಮ, "ಹೌದಾ ಸರ್, ಮುಂದಿನ ಸಲ ನೋಡ್ಕೋತೀನಿ" ಅಂದರು. ನೋಡಿಕೊಂಡಿದ್ದಾರೆ.